ಹಗಲು ಕಂಡ ಬಾವಿ

ನಂದಿಬೆಟ್ಟದ ಸೀಮೆಗೆ ಹೋದವರು ಬೆಟ್ಟ, ಗುಡಿ, ದ್ರಾಕ್ಷಿತೋಟಗಳನ್ನು ಕಂಡು ಹಿಂದಿರುಗುವುದು ವಾಡಿಕೆ. ಈ ಸಲ ನಾವು ಅಲ್ಲಿನವರ ಮಾತಿಗೂ ಕಿವಿಗೊಟ್ಟೆವು. ದುರಾಸೆ, ದುಡುಕುಗಳನ್ನು ಹಳಿಯಲು ಅಲ್ಲಿ ಪದಗಳ ಬರವಿಲ್ಲ. ಎರಡು ಭಾಷೆಗಳು ಒಂದೇ ಜಗಲಿಯ ಮೇಲೆ ಕುಳಿತಿವೆ. ಕನ್ನಡದ ‘ಆಸೆಬುರುಕ’ನೇ ತೆಲುಗು ಮನೆಮಾತಿನವರಿಗೆ ‘ಆಶಪೋತು’. ಆ ಭಾಷೆಯಲ್ಲಿ ದುನ್ನಪೋತು ಎಂದರೆ ಕೋಣ. ಬೈಗುಳದ ಮೇಲೆ ಕೋಣದ ನೆರಳೂ ಬಿದ್ದಂತೆ ನಮಗೆ ತೋರಿತು.

ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ಪಾತ್ರ ಬರಿದಾಗಿತ್ತು. ನೀರಿಲ್ಲದ ನದಿಯ ಮರಳೂ ವರ್ಷಗಟ್ಟಲೆ ಲಾರಿ ಏರಿ ಹೋಯಿತು. ಲಂಚವಾಗಲಿ, ಕೆರೆಯ ಅಂಗಳವಾಗಲಿ, ಮರಳಾಗಲಿ, ಕಬಳಿಸಿದವನು ನಮ್ಮವರ ಬಾಯಲ್ಲಿ ‘ನುಂಗಣ್ಣ’. ಅಗಿದು ತಿನ್ನುವವನಿಗೆ ರುಚಿಯಾದರೂ ತಿಳಿದೀತು. ನುಂಗುವವನಿಗೆ ಅದೂ ಇಲ್ಲ.

ಮಂಚೇನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಬಂದು, ಮರುದಿನ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಹೊಕ್ಕೆವು. ಗೂಡು ಮಾರಿ ಕುಳಿತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಎರಡು ಕೊಳವೆಬಾವಿಗಳು ಬತ್ತಿವೆ. ಮಗ ಮೂರನೆಯದಕ್ಕೆ ಹೊರಟಿದ್ದಾನೆ. “ಹಗಲು ಕಂಡ ಬಾವೀಲಿ ಇರುಳು ಬೀಳ್ತೀನಿ ಅಂತಾನೆ ಸ್ವಾಮಿ” ಎಂದರು.

ಗಾದೆ ಹಳೆಯದು, ತೆರೆದ ಬಾವಿಗಳ ಕಾಲದ್ದು. ಬಗ್ಗಿದರೆ ನೀರು ಕಾಣುತ್ತಿತ್ತು. ಕಂಡೂ ಬಿದ್ದವನು ಹುಂಬ. ಆರೂವರೆ ಅಂಗುಲದ ಕೊಳವೆಬಾವಿಗೆ ಆಳು ಬೀಳಲಾರ. ಮನೆಯಾಕೆಯ ಒಡವೆ ಬೀಳುತ್ತದೆ, ಹೊಲದ ಪತ್ರ ಬೀಳುತ್ತದೆ. ಹಾಗೆಂದು ಆ ಮಗನನ್ನು ಆಸೆಬುರುಕನೆನ್ನಲು ನಮಗೆ ಬಾಯಿ ಬಾರದು. ಇದು ಗಟ್ಟಿ ಬಂಡೆಯ ನೆಲ. ಬಂಡೆಯ ಸೀಳುಗಳಲ್ಲಿ ಮಾತ್ರ ನೀರು. ನೆರೆಯವನು ಇನ್ನೂ ಆಳಕ್ಕೆ ಕೊರೆದರೆ ಇವನ ಬಾವಿ ಬತ್ತೀತು. ಹಿಪ್ಪುನೇರಳೆ ಒಣಗಿದರೆ ಹುಳುವಿಗೆ ಮೇವಿಲ್ಲ, ಸಾಲಕ್ಕೆ ಗೂಡಿಲ್ಲ.

ಈ ನಾಲ್ಕು ತಾಲ್ಲೂಕುಗಳೂ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಇಂತಹ ಕಡೆ ಅಪ್ಪಣೆಯಿಲ್ಲದೆ ಕೊರೆಯಬಾರದೆಂದು 2011ರ ಕಾಯಿದೆಯೂ ಉಂಟು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಇಲ್ಲಿನ ಕೆರೆಗಳಿಗೆ ಹರಿಸಿದ್ದಾರೆ. ಅದು ಎರಡೇ ಹಂತದ ಶುದ್ಧೀಕರಣವೆಂಬ ಆಕ್ಷೇಪ ಜನರಲ್ಲಿದೆ. ನಗರದ ದಾಹಕ್ಕೆ ಮಾತ್ರ ಯಾರೂ ಬೈಗುಳ ಕಟ್ಟಿದಂತಿಲ್ಲ!

ಕತ್ತಲಾದ ಮೇಲೆ ಚಿಂತಾಮಣಿಯ ಹಾದಿಯಲ್ಲಿ ಕೊರೆಯುವ ಲಾರಿಯೊಂದು ದೀಪ ಹಚ್ಚಿಕೊಂಡು ಭೋರ್ಗರೆಯುತ್ತಿತ್ತು. ಬದುವಿನ ಮೇಲೆ ಮನೆಮಂದಿಯೆಲ್ಲ ಕುಳಿತಿದ್ದರು. ಎಷ್ಟು ಅಡಿಯಾಯಿತೆಂದು ಕೇಳಿದೆವು.

“ವೆಯ್ಯಿ ದಾಟಿಂದಿ, ಇಂಕಾ ದುಮ್ಮೇ” ಎಂದಿತು ಒಂದು ಹೆಣ್ಣುದನಿ. ಸಾವಿರ ದಾಟಿತು, ಇನ್ನೂ ದೂಳೇ.