ಅಪ್ಪ ಯಾಕೆ ಬಸ್ಸಿನಲ್ಲಿ ಬಂದ?

2023ರ ಸೆಪ್ಟೆಂಬರ್. ಮಂಡ್ಯದಲ್ಲಿ ಕಾವೇರಿ ಹೋರಾಟ ಕಾವೇರಿದ್ದ ದಿನಗಳು. ಸರ್ ಎಂ.ವಿ. ಪ್ರತಿಮೆ ಎದುರು ಧರಣಿ, ಹೆದ್ದಾರಿಯಲ್ಲಿ ತಡೆ, 23ರಂದು ಮಂಡ್ಯ ಬಂದ್. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಊಟ ನಿದ್ದೆ ಎರಡೂ ಇರಲಿಲ್ಲ. ಅದರ ನಡುವೆ ಒಂದು ಬೆಳಿಗ್ಗೆ ಅಪ್ಪನನ್ನು ಆಸ್ಪತ್ರೆಗೆ ಕರೆತರಲು ಮಳವಳ್ಳಿ ಹತ್ತಿರದ ನಮ್ಮ ಊರಿಗೆ ಹೋಗಬೇಕಿತ್ತು. ಹೊರಡುವ ಮುಂಚೆ ಫೋನ್ ಮಾಡಿದರೆ ಅವ್ವ ಹೇಳಿದಳು: "ನಿಮ್ಮಪ್ಪ ಆಗ್ಲೇ ಬಸ್ಸತ್ತಿ ಹೋಯ್ತು ಕಣಪ್ಪ. ನೀನು ಬರಬ್ಯಾಡ."

ಅಪ್ಪನಿಗೆ ಉಬ್ಬಸ. ತಿಂಗಳಿಗೊಮ್ಮೆ ಮಂಡ್ಯಕ್ಕೆ ತೋರಿಸಲು ಬರಬೇಕು. ಬಸ್ಸಿನ ನೂಕುನುಗ್ಗಲು ಬೇಡ ಎಂದೇ ನಾನು ಆ ವರ್ಷದ ಮೇ ತಿಂಗಳಲ್ಲಿ ಕಾರು ಕೊಂಡದ್ದು. ಎಂಟು ವರ್ಷ ಹಳೆಯ ಸಣ್ಣ ಕಾರು, 2,15,000 ರೂಪಾಯಿ. ಹೆಂಡತಿ ಸಂಘದಲ್ಲಿ 60,000 ಸಾಲ ಎತ್ತಿಕೊಟ್ಟಳು, ಉಳಿದದ್ದಕ್ಕೆ ಸರ ಅಡವಿಟ್ಟೆವು. ಸುದ್ದಿಗಿಷ್ಟು ಎಂದು ಎಣಿಸಿಕೊಡುವ ಕೆಲಸದಲ್ಲಿರುವವರಿಗೆ ಅದು ಎಷ್ಟು ದೊಡ್ಡ ಮೊತ್ತ ಅಂತ ನಿಮಗೆ ಗೊತ್ತು. ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕಿಗೆ ನಿಷೇಧ ಬಂದ ಮೇಲೆ, ಕಾರು ಕೊಂಡದ್ದು ಒಳ್ಳೆಯದೇ ಆಯಿತು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಅಂಥ ಕಾರು ಇದ್ದೂ ಅಪ್ಪ ಬಸ್ಸಿನಲ್ಲಿ ಬಂದ. ಮಂಡ್ಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಯಾಕೆ ಎಂದು ಕೇಳಿದೆ. "ನಿನ್ ಕೆಲ್ಸ ಕೆಡಿಸೋದು ಯಾಕೆ ಅಂತ" ಎಂದು ಬೇರೆ ಕಡೆ ನೋಡಿದ. ನಿಜ ಸಂಜೆ ಅವ್ವನಿಂದ ತಿಳಿಯಿತು. "ಆ ಕಾರೊಳಗೆ ಏನೋ ಸತ್ತಂಗೆ ನಾತ ಕಣ್ಲಾ. ಅದ್ರ ಮ್ಯಾಲೆ ನೀನು ಸೆಂಟು ಬ್ಯಾರೆ ಇಟ್ಟಿದ್ದೀಯ. ಹೋದ್ಸಲ ಬಂದ ರಾತ್ರಿ ನಿಮ್ಮಪ್ಪಂಗೆ ಉಸ್ರೇ ಸಿಗ್ಲಿಲ್ಲ. ಮಗ ಆಸೆಪಟ್ಟು ತಗಂಡವ್ನೆ, ಯೋಳ್ಬ್ಯಾಡ ಅಂದ್ರು. ನಂಗೂ ಬಸ್ಸು ಪುಕ್ಸಟ್ಟೆ, ಬಸ್ಸಲ್ಲೇ ಬತ್ತೀವಿ ಬುಡು."

ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹೆಂಗಸರ ಖುಷಿಯ ಬಗ್ಗೆ ನಾನೂ ಒಂದು ಸುದ್ದಿ ಬರೆದಿದ್ದೆ. ಅದೇ ಯೋಜನೆ ನನ್ನ ಅವ್ವನಿಗೆ ನನ್ನ ಕಾರಿನಿಂದ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ವಾಸನೆ ನನಗೆ ಗೊತ್ತಿರಲಿಲ್ಲ ಅಂತಲ್ಲ. ಕಾರು ತಂದ ದಿನ ಡ್ಯಾಷ್‌ಬೋರ್ಡಿನ ಮೇಲೆ ಎರಡು ಪರ್ಫ್ಯೂಮ್ ಬಾಟಲಿ, ಕನ್ನಡಿಗೆ ನೇತುಹಾಕಿದ್ದ ಇನ್ನೊಂದು ಇದ್ದವು. ಮಾರಿದವನು ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ. ಎರಡು ವಾರದಲ್ಲಿ ಅವು ಆರಿದವು. ಆಮೇಲೆ ಒಳಗಿನಿಂದ ನೆನೆದ ಗೋಣಿಚೀಲದ ವಾಸನೆ ಏಳತೊಡಗಿತು. ಬಾಗಿಲು ತೆಗೆದ ಮೊದಲ ನಿಮಿಷ ಜೋರು, ಹತ್ತು ನಿಮಿಷ ಕಳೆದರೆ ಮೂಗಿಗೆ ರೂಢಿಯಾಗಿ ಏನೂ ಗೊತ್ತಾಗುತ್ತಿರಲಿಲ್ಲ. ದಿನವೂ ಓಡಿಸುವವನಿಗೆ ರೂಢಿಯಾಗುತ್ತದೆ, ತಿಂಗಳಿಗೊಮ್ಮೆ ಹತ್ತುವವನಿಗೆ ಆಗುವುದಿಲ್ಲ.

ನಾನು ಮಾಡಿದ ಮೊದಲ ಕೆಲಸ ಮನೆಯವರನ್ನು ದೂರಿದ್ದು. ಅವ್ವ ಊರಿಂದ ಕಳಿಸುವ ಹಾಲಿನ ಕ್ಯಾನು ಒಮ್ಮೆ ಕೆ.ಎಂ. ದೊಡ್ಡಿ ಹತ್ತಿರ ಹಂಪ್ಸ್ ಹಾರಿದಾಗ ಚೆಲ್ಲಿತ್ತು. ಮಗಳು ಒಂದು ಸಲ ವಾಂತಿ ಮಾಡಿದ್ದಳು. ಹೆಂಡತಿ ಸಂತೆಯಿಂದ ಒಣಮೀನು ತಂದಿದ್ದಳು. ಮದ್ದೂರಿನಲ್ಲಿ ನಿಲ್ಲಿಸಿ ಕಟ್ಟಿಸಿಕೊಂಡ ವಡೆಯ ಪೊಟ್ಟಣ ಸೀಟಿನ ಮೇಲೆ ಎಣ್ಣೆ ಬಿಟ್ಟಿತ್ತು. ಒಬ್ಬೊಬ್ಬರ ಮೇಲೂ ಒಂದೊಂದು ದಿನ ರೇಗಿದೆ. "ಇನ್ಮೇಲೆ ಕಾರಲ್ಲಿ ಏನೂ ತಿನ್ನಂಗಿಲ್ಲ" ಎಂದು ಆರು ವರ್ಷದ ಮಗಳಿಗೆ ಕಾನೂನು ಮಾಡಿದೆ. ಎರಡನೆಯ ಕೆಲಸ, ಮತ್ತೊಂದು ಪರ್ಫ್ಯೂಮ್ ತಂದದ್ದು. ಉಬ್ಬಸ ಇರುವವರಿಗೆ ಬೂಷ್ಟು ಎಷ್ಟು ಕೆಟ್ಟದ್ದೋ ಗಾಢ ಸುಗಂಧವೂ ಅಷ್ಟೇ ಕೆಟ್ಟದ್ದು ಎಂದು ಡಾಕ್ಟರು ಹೇಳಿದ್ದು ಆಮೇಲೆ.

ಅವ್ವ ಹೇಳಿದ ಮಾರನೆಯ ದಿನ ಕಾರನ್ನು ಮದ್ದೂರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಬಾನೆಟ್ ತೆಗೆಯಲಿಲ್ಲ. ಪರ್ಫ್ಯೂಮ್ ಬಾಟಲಿ ಕಿತ್ತು ನನ್ನ ಕೈಗೆ ಕೊಟ್ಟರು. "ಇವತ್ತು ಗ್ಲಾಸ್ ಏರಿಸಿ ಬಿಸಿಲಲ್ಲಿ ಬಿಟ್ಟೋಗಿ ಸಾರ್. ನಾಳೆ ಬೆಳಿಗ್ಗೆ ನಾನೇ ಬಾಗಿಲು ತೆಗೀತೀನಿ. ಸೆಂಟು ಇದ್ರೆ ಕಾಯಿಲೆ ಗೊತ್ತಾಗಲ್ಲ" ಎಂದರು.

ಮಾರನೆಯ ದಿನ ಅವರು ಒಂದೊಂದೇ ಬಾಗಿಲು ತೆಗೆದು ಮೂಸಿ, ವಾಸನೆಗಳ ಪಾಠ ಮಾಡಿದರು. ನಿಮಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಎ.ಸಿ. ಹಾಕಿದ ಕೂಡಲೇ ಹುಳಿ ಅಥವಾ ಕೊಳಕು ಸಾಕ್ಸಿನ ವಾಸನೆ ಬಂದರೆ ಎ.ಸಿ.ಯ ಕೂಲಿಂಗ್ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೆ ಸಿಹಿ ಸಿಹಿ ವಾಸನೆ ಬಂದು ಮುಂದಿನ ಗಾಜಿನ ಒಳಮೈಗೆ ಜಿಡ್ಡಿನ ಮಂಜು ಕೂತರೆ ಕೂಲಂಟ್ ಒಳಗೆ ಸೋರುತ್ತಿದೆ. ನಮ್ಮ ಕಡೆ ಇದು ಮೋಸ ಮಾಡುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಮದ್ದೂರಿಂದ ಮಳವಳ್ಳಿವರೆಗೆ ಆಲೆಮನೆಯ ಪಾಕದ ಘಮ, ಕಾರ್ಖಾನೆಯ ಕಾಕಂಬಿಯ ವಾಸನೆ ಗಾಳಿಯಲ್ಲೇ ಇರುತ್ತದೆ. ಸಿಹಿ ವಾಸನೆ ಬಂದರೆ ನಾವು ಹೊರಗಿನದು ಎಂದುಕೊಂಡು ಸುಮ್ಮನಾಗುತ್ತೇವೆ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ವಿಷ. ಗ್ಲಾಸು ಏರಿಸಿ, ಗಾಳಿಯನ್ನು ಒಳಗೇ ಸುತ್ತುವಂತೆ ಮಾಡಿದ ಮೇಲೂ ಸಿಹಿ ವಾಸನೆ ಹೋಗದಿದ್ದರೆ ಅದು ಆಲೆಮನೆಯದಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿಯನ್ನೋ ಸೈಲೆನ್ಸರ್ ಕಡೆಯನ್ನೋ ನೋಡಬೇಕು. ಪೆಟ್ರೋಲ್ ವಾಸನೆ ಬಂದರೆ ನೋಡುತ್ತಾ ಕೂರುವ ಹಾಗೇ ಇಲ್ಲ, ಗಾಡಿ ಆಫ್ ಮಾಡಿ ಇಳಿಯಬೇಕು. ಹೊಗೆಯ ವಾಸನೆ ಒಳಗೆ ಬಂದರೂ ಹಾಗೇ. ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ಚಾಲೂ ಇಟ್ಟು, ಗ್ಲಾಸ್ ಏರಿಸಿ, ಎ.ಸಿ.ಯಲ್ಲಿ ಮಲಗಿದವರು ಏಳದೇ ಇರುವುದು ಇದರಿಂದಲೇ. ಬಂದೋಬಸ್ತು, ಚುನಾವಣೆ ಅಂತ ರಾತ್ರಿ ಕಾರಿನಲ್ಲೇ ಕಣ್ಣು ಮುಚ್ಚುವ ನಮ್ಮ ಗೆಳೆಯರು ಇದನ್ನು ದಯವಿಟ್ಟು ನೆನಪಿಡಿ.

ನನ್ನ ಕಾರಿಗೆ ಬಂದರೆ, ಅವರು ಎ.ಸಿ. ಹಾಕಿಸಿ ಕಾರಿನ ಕೆಳಗೆ ಬಗ್ಗಿ ನೋಡಿದರು. ಎ.ಸಿ. ಓಡುವಾಗ ಕೆಳಗೆ ನೀರು ತೊಟ್ಟಿಕ್ಕಬೇಕು. ಒಂದು ಹನಿಯೂ ಬೀಳಲಿಲ್ಲ. ನೀರು ಹೊರಹೋಗುವ ಸಣ್ಣ ಪೈಪು ಕಟ್ಟಿತ್ತು, ಹಾಗಾಗಿ ಆ ನೀರೆಲ್ಲ ಒಳಗೆ ಎಡಗಡೆ ಸೀಟಿನ ಮ್ಯಾಟ್ ಕೆಳಕ್ಕೆ ಹೋಗುತ್ತಿತ್ತು. ಅಪ್ಪ ಕೂರುವ ಜಾಗ ಅದೇ. ಗ್ಲೋವ್ ಬಾಕ್ಸ್ ಬಿಚ್ಚಿ ಎ.ಸಿ. ಫಿಲ್ಟರ್ ಎಳೆದರು. ಕಬ್ಬಿನ ತರಗು, ಇಲಿ ಹಿಕ್ಕೆ, ಕಪ್ಪು ಧೂಳು. ಕಬ್ಬು ಕಡಿದಾಗ ಗದ್ದೆಯ ಇಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ಟಿಗೆ ಬರುವುದು ನಮ್ಮ ಕಡೆ ಹೊಸದೇನಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಪೈಪಿನಿಂದ ತಂತಿಯಲ್ಲಿ ಕಿತ್ತು ತೆಗೆದದ್ದು ಬೂಷ್ಟಲ್ಲ, ನುಣ್ಣನೆಯ ಮಣ್ಣು. ಮೆಕ್ಯಾನಿಕ್ ಸ್ವಲ್ಪ ಹೊತ್ತು ಅದನ್ನು ಬೆರಳಲ್ಲಿ ಉಜ್ಜಿದರು. ಆಮೇಲೆ ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯವರೆಗೂ ಎಳೆದರು. ಯಾರೂ ಅಷ್ಟು ಎಳೆಯುವುದಿಲ್ಲ. ಕೊನೆಯ ಒಂದು ಮೊಳ ಮಣ್ಣಿನ ಬಣ್ಣ ಹಿಡಿದಿತ್ತು. ಸೀಟು ಬಿಚ್ಚಿ ಮ್ಯಾಟ್ ಎತ್ತಿದರೆ ಸ್ಪಂಜು ಹಿಂಡುವಷ್ಟು ಒದ್ದೆ, ಅದರ ಕೆಳಗೆ ಕೆರೆ ಆರಿದಾಗ ಕಾಣುವಂಥ ಕೆಸರಿನ ಪದರ. ಸೀಟಿನ ಬೋಲ್ಟುಗಳೆಲ್ಲ ತುಕ್ಕು. ವೈರುಗಳು ಕೂಡುವ ಕಡೆ ಹಸಿರು ಕಿಲುಬು. ಸ್ಟೆಪ್ನಿ ಇಡುವ ಗುಂಡಿಯಲ್ಲೂ ಮಣ್ಣು.

"ಸಾರ್, ಈ ಗಾಡಿ ಮುಳುಗಿತ್ತು" ಎಂದರು.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಕೆರೆಯಾದದ್ದು ನಿಮಗೆ ನೆನಪಿರಬಹುದು. ಬಸ್ಸು, ಕಾರು ನೀರಿನಲ್ಲಿ ನಿಂತಿದ್ದವು. ನಮ್ಮ ಜಿಲ್ಲೆಯದಲ್ಲದಿದ್ದರೂ ಮದ್ದೂರಿನ ಆಚೆಯೇ ಆದ್ದರಿಂದ ನಾನೂ ಹೋಗಿದ್ದೆ, ಫೋಟೊ ಕಳಿಸಿದ್ದೆ. 'ಹಲವು ಕಾರುಗಳು ಮುಳುಗಿವೆ' ಎಂದು ಒಂದು ವಾಕ್ಯವನ್ನೂ ಬರೆದಿದ್ದೆ. ಆ ಕಾರುಗಳು ಆಮೇಲೆ ಎಲ್ಲಿಗೆ ಹೋದವು ಎಂದು ಒಮ್ಮೆಯೂ ಕೇಳಲಿಲ್ಲ. ಮಾರ್ಚ್ 12ರಂದು ಪ್ರಧಾನಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದಾಗ ಜನ ಎಷ್ಟು ಸೇರಿದ್ದರು ಎಂದು ಬರೆದೆ. ಮೇನಲ್ಲಿ ಕಾರು ಕೊಂಡೆ.

ನನ್ನ ಕಾರು ಅದೇ ನೀರಿನಲ್ಲಿ ಮುಳುಗಿತ್ತು ಎಂದು ನಾನು ಹೇಳಲಾರೆ. ಅದಕ್ಕೆ ಸಾಕ್ಷಿ ಇಲ್ಲ. ಆದರೆ ಮುಳುಗಿದ ಕಾರು ಮತ್ತೆ ರಸ್ತೆಗೆ ಬರುವ ದಾರಿ ಏನು ಎಂದು ಆಮೇಲೆ ವಿಚಾರಿಸಿದೆ. ರಿಪೇರಿ ಖರ್ಚು ವಿಮೆಯ ಘೋಷಿತ ಬೆಲೆಯ ಶೇ 75 ದಾಟಿದರೆ ಪೂರ್ತಿ ನಷ್ಟ ಎಂದು ಲೆಕ್ಕ ಮುಗಿಸುತ್ತಾರೆ. ಆ ಗಾಡಿ ಇದ್ದ ಸ್ಥಿತಿಯಲ್ಲೇ ಮಾರಾಟವಾಗುತ್ತದೆ. ಕೊಂಡವರು ತೊಳೆದು, ಎಂಜಿನ್ ಸರಿಮಾಡಿ ಮತ್ತೆ ಮಾರಬಹುದು. ವಿಮೆ ಇಲ್ಲದ ಗಾಡಿಯಾದರೆ ಮಾಲೀಕನೇ ತೊಳೆದು ಮಾರುತ್ತಾನೆ. ಆರ್‌.ಸಿ.ಯಲ್ಲಿ ಎಂಜಿನ್ ಸಂಖ್ಯೆ ಇರುತ್ತದೆ, ಚಾಸಿ ಸಂಖ್ಯೆ ಇರುತ್ತದೆ, ಬಣ್ಣ ಕೂಡ ಇರುತ್ತದೆ. ನೀರಿಗೆ ಬಿದ್ದಿತ್ತೇ ಎಂಬ ಕಾಲಂ ಇಲ್ಲ. ಅದನ್ನು ಹೇಳಬಹುದಾಗಿದ್ದದ್ದು ವಾಸನೆ ಮಾತ್ರ. ಅದರ ಮೇಲೆ ಮೂರು ಬಾಟಲಿ ಇಟ್ಟಿದ್ದರು, ನಾಲ್ಕನೆಯದನ್ನು ನಾನಿಟ್ಟೆ.

ಮಾರಿದವನಿಗೆ ಫೋನ್ ಮಾಡಿದೆ. "ನೀವು ನೋಡೇ ತಗೊಂಡ್ರಲ್ಲ ಸಾರ್" ಎಂದ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಕ್ಲೀನಿಂಗ್ ಐದು ದಿನ ಹಿಡಿಯಿತು. ಸೀಟುಗಳನ್ನು ಊರಿಗೆ ಒಯ್ದು ಮನೆಯ ಮುಂದಿನ ಕಣದಲ್ಲಿ ಬಿಸಿಲಿಗಿಟ್ಟೆವು. ಮ್ಯಾಟನ್ನು ಸೋಪಿನ ನೀರಲ್ಲಿ ಉಜ್ಜಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಾಕಿದಳು ಹೆಂಡತಿ. ಒದ್ದೆ ಸ್ಪಂಜು ಒಣಗಿದರೂ ಉಪಯೋಗವಿಲ್ಲ, ಮತ್ತೆ ತೇವ ಸಿಕ್ಕರೆ ವಾಸನೆ ಏಳುತ್ತದೆ ಎಂದದ್ದಕ್ಕೆ ಬಿಸಾಕಿ ಹೊಸದು ಹಾಕಿಸಿದೆವು. ಸೀಟಿನ ಬಟ್ಟೆ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಎಳೆದು ತೆಗೆದೆವು. ಎ.ಸಿ. ಕಾಯಿಲ್ ತೊಳೆಸಿ ಹೊಸ ಫಿಲ್ಟರ್ ಹಾಕಿಸಿದೆ. ಕಿಲುಬು ಹಿಡಿದ ವೈರುಗಳನ್ನು ಬದಲಿಸಿದೆ. ಏರ್‌ಬ್ಯಾಗ್‌ನಂಥವು ಇಂಥ ವೈರುಗಳನ್ನೇ ನಂಬಿಕೊಂಡಿರುತ್ತವೆ, ಅದರಲ್ಲಿ ಉಳಿತಾಯ ಬೇಡ ಎಂದರು ಮೆಕ್ಯಾನಿಕ್. ಒಟ್ಟು 11,400 ರೂಪಾಯಿ. ಅವ್ವ ಸಾಂಬ್ರಾಣಿ ಹೊಗೆ ಹಾಕಲು ಬಂದಳು, ಅಪ್ಪನ ಉಬ್ಬಸ ನೆನಪಿಸಿ ತಡೆದೆವು. ಬದಲಿಗೆ ಒಂದು ಬಟ್ಟೆಚೀಲದಲ್ಲಿ ಇದ್ದಿಲು ತುಂಬಿ ಸೀಟಿನ ಕೆಳಗಿಟ್ಟಳು.

ಈಗ ಊರು ತಲುಪಲು ನಾಲ್ಕೈದು ನಿಮಿಷ ಇರುವಾಗ ಎ.ಸಿ. ಬಟನ್ ಆಫ್ ಮಾಡಿ ಬರೀ ಫ್ಯಾನ್ ಓಡಿಸುತ್ತೇನೆ, ಕಾಯಿಲ್ ಒಣಗಲಿ ಅಂತ. ವಾರಕ್ಕೊಮ್ಮೆ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ನೋಡುತ್ತೇನೆ. ಕೆರೆಕಟ್ಟೆ ಒಣಗಿ ನೀರಿಗಾಗಿ ಜಿಲ್ಲೆ ಬೀದಿಗಿಳಿದಿದ್ದ ವರ್ಷ ನನ್ನ ಕಾರಿನ ನೆಲದಲ್ಲಿ ನೀರು ನಿಂತಿತ್ತು ಅಂತ ಗೆಳೆಯರು ಇವತ್ತಿಗೂ ಕಿಚಾಯಿಸುತ್ತಾರೆ.

ರಿಪೇರಿ ಶುರುವಾಗುವ ಮುಂಚೆ ಒಬ್ಬ ಬ್ರೋಕರ್ ಬಂದಿದ್ದ. "ಯಾಕೆ ಸಾರ್ ದುಡ್ಡು ಸುರೀತೀರ? ಎರಡು ಸೆಂಟು ಇಟ್ಟು ಫೋಟೊ ಹಾಕಿ. ಎರಡು ಲಕ್ಷಕ್ಕೆ ನಾನೇ ಗಿರಾಕಿ ತರ್ತೀನಿ" ಎಂದ. ಆ ರಾತ್ರಿ ನಾನು ಲೆಕ್ಕ ಹಾಕಿದ್ದು ನಿಜ. ಹದಿನೈದು ಸಾವಿರ ನಷ್ಟದಲ್ಲಿ ಬಚಾವಾಗಬಹುದಿತ್ತು. ಸರ ಬಿಡಿಸಿಕೊಳ್ಳಬಹುದಿತ್ತು. ಹೆಂಡತಿ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದಳು. ಫೋನಿನಲ್ಲಿ ಅಪ್ಪನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಕೆಮ್ಮಿದ. "ತಗೊಳ್ಳೋನ ಮನೇಲೂ ನನ್ನಂಗೆ ಒಬ್ಬ ಮುದುಕ ಇರ್ತಾನೆ ಕಣ್ಲಾ" ಎಂದ. ಮಾರನೆಯ ಬೆಳಿಗ್ಗೆ ಸೀಟು ಬಿಚ್ಚಲು ಹೇಳಿದೆ. ಸರ ಇನ್ನೂ ಅಡವಿನಲ್ಲೇ ಇದೆ.

ಅಕ್ಟೋಬರ್ ತಿಂಗಳ ಚೆಕಪ್ಪಿಗೆ ಅಪ್ಪನನ್ನು ಕರೆತರಲು ಹೋದೆ. ಬಾಗಿಲು ತೆಗೆದು ಪಕ್ಕಕ್ಕೆ ನಿಂತೆ. ಅವನು ಕೂರುವ ಮುಂಚೆ ತಲೆ ಒಳಗೆ ಹಾಕಿ, ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ಅಲ್ಲಿ ಇಲ್ಲಿ ಮೂಸಿದ. ಕೂತ. ಹಿಂದಿನ ಸೀಟಿನಲ್ಲಿ ಅವ್ವ ಹಾಲಿನ ಕ್ಯಾನು ಕಾಲ ನಡುವೆ ಗಟ್ಟಿಯಾಗಿ ಹಿಡಿದು ಕೂತಳು. ಕೆ.ಎಂ. ದೊಡ್ಡಿ ದಾಟುವಾಗ ಕಾರ್ಖಾನೆ ಕಡೆಯಿಂದ ಸಿಹಿ ವಾಸನೆ ಬಂತು. ನಾನು ಗಾಬರಿಯಾಗಿ ಗ್ಲಾಸಿನ ಕಡೆ, ಮೀಟರಿನ ಕಡೆ ನೋಡಿದೆ. ಅಪ್ಪ ನಕ್ಕ.

"ಅದು ಹೊರಗಿಂದು ಕಣ್ಲಾ" ಎಂದು ಗ್ಲಾಸ್ ಒಸಿ ಇಳಿಸಿದ.