ಮಂಕಾಗದ ದೀಪ

ನಮ್ಮ ಮನೆಯ ಕಾರಿಗೆ ಈಗ ಹದಿನೆಂಟು ವರ್ಷ. ತಂದೆಯವರನ್ನು ವಾರಕ್ಕೆರಡು ಸಲ ಧಾರವಾಡದಿಂದ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ಅದರಲ್ಲಿಯೇ.

ಮಾರ್ಗಶಿರದ ಒಂದು ನಸುಕಿನಲ್ಲಿ ಕೀಲಿ ತಿರುಗಿಸಿದೆ. ಎಂಜಿನ್, ಆಯಿಲ್, ಬ್ಯಾಟರಿಯ ದೀಪಗಳು ಎಂದಿನಂತೆ ಬೆಳಗಿದವು. ಸೆಲ್ಫ್ ಮಾತ್ರ ನರಳಿ ನಿಂತುಬಿಟ್ಟಿತು. ಶಾಲು ಹೊದ್ದು ಹಿಂದೆ ಕುಳಿತಿದ್ದ ತಂದೆಯವರು ಏನೂ ಮಾತನಾಡಲಿಲ್ಲ. ಬಾಡಿಗೆಯ ಕಾರು ಹಿಡಿದು ತಡವಾಗಿ ಆಸ್ಪತ್ರೆ ಸೇರಿದೆವು. ಸಂಜೆಯೇ, ಯಾರನ್ನೂ ಕೇಳದೆ, ಹೊಸ ಬ್ಯಾಟರಿ ಹಾಕಿಸಿದೆ. ಮೂರನೆಯ ದಿನ ಮತ್ತೆ ಅದೇ ನರಳಾಟ!

ಓಣಿಯ ಮೆಕ್ಯಾನಿಕ್ ಬಂದವರು ಬಾನೆಟ್ ತೆರೆಯುವ ಮೊದಲೇ ಕೀಲಿ ತಿರುಗಿಸಿ ದೀಪಗಳನ್ನು ದಿಟ್ಟಿಸಿದರು.

“ದೀಪ ಮಂಕ ಆಗವಲ್ಲವು ನೋಡ್ರಿ ಸರ್ರ. ಬ್ಯಾಟರಿ ಗಟ್ಟಿ ಐತಿ.”

ಬ್ಯಾಟರಿ ಸೊರಗಿದ್ದರೆ ಸೆಲ್ಫ್ ಹೊಡೆದಾಗ ದೀಪಗಳು ಕಳೆಗುಂದುತ್ತವೆ. ಅವು ಪ್ರಖರವಾಗಿಯೇ ಇದ್ದರೆ ಸೆಲ್ಫಿನ ಮಾರ್ಗದಲ್ಲೆಲ್ಲೋ ತಡೆಯಿರುವ ಸಂಭವವೇ ಹೆಚ್ಚು. ಮೊದಲ ದಿನವೇ ಅದು ನನ್ನ ಕಣ್ಣೆದುರಿಗಿತ್ತು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಒತ್ತಿ ಹಿಡಿದು ನನ್ನಿಂದ ಸೆಲ್ಫ್ ಹೊಡೆಸಿದರು. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 3 ವೋಲ್ಟ್ ತೋರಿಸಿತು. ಎಂಜಿನ್ನಿನ ಅರ್ಥಿಂಗ್ ಕೇಬಲ್ಲಿನ ಬೋಲ್ಟಿನಡಿ ಹಸಿರು ಕಿಲುಬು! ಬಿಚ್ಚಿ, ಉಜ್ಜಿ, ಬಿಗಿದರು; ಮರುಕ್ಷಣವೇ ಎಂಜಿನ್ ಹೊತ್ತಿಕೊಂಡಿತು. ಎಂಜಿನ್ ಓಡುವಾಗ ಆಯಿಲ್ಲಿನ ಕೆಂಪು ದೀಪ ಆರದಿದ್ದರೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಬಾರದೆಂದು ಎಚ್ಚರಿಸಿ ಹೋದರು.

ನಿರಪರಾಧಿಯಾದ ಹಳೆಯ ಬ್ಯಾಟರಿ ಅಷ್ಟರಲ್ಲಿ ಅಂಗಡಿಯ ಪಾಲಾಗಿತ್ತು. ಮುಂದಿನ ಸಲ ಹೊರಟಾಗ ತಂದೆಯವರು ಕುಳಿತಲ್ಲಿಂದಲೇ ಮುಂದಕ್ಕೆ ಬಾಗಿ ದೀಪಗಳನ್ನು ನೋಡುತ್ತಿದ್ದರು.