ಜಗಳ ತುಂಬಿದ ಭರಣಿಗಳು

ಮಿರ್ಜಾಪುರದ ರಸ್ತೆಯಲ್ಲಿ ಆಟೊದವನು ನಿಮ್ಮನ್ನು ಇಳಿಸಿ, ಚಿಲ್ಲರೆ ಎಣಿಸಿಕೊಟ್ಟು ಹೊರಟೇಹೋಗುತ್ತಾನೆ. ಇದು ಅಹಮದಾಬಾದಿನ ಹಳೇ ಊರು. ಹಾರ್ನಿನ ಸದ್ದಿಗೆ ಬೆನ್ನು ತಿರುಗಿಸಿ ಗೂಲ್ ಲಾಡ್ಜ್ ಎಂಬ ಹಳೆಯ ಮನೆಯೊಳಗೆ ಕಾಲಿಡುತ್ತೀರಿ. ಬಚ್ಚೂಬೆನ್ ನಗರ್‌ವಾಲಾ ಎಂಬ ಪಾರ್ಸಿ ಮಹಿಳೆ ಇದ್ದ ಮನೆ ಇದು. ಕೇಶವಿನ್ಯಾಸವನ್ನು ಕಲಿತು ಮಾಡಿದವರಲ್ಲಿ ಊರಿಗೇ ಮೊದಲಿಗರು ಎಂದು ಅವರ ಹೆಸರು. 2013ರಿಂದ ಈ ಮನೆ ‘ಕಾನ್‌ಫ್ಲಿಕ್ಟೋರಿಯಂ’. ಸಂಘರ್ಷಕ್ಕೇ ಮೀಸಲಾದ ಮ್ಯೂಸಿಯಂ.

ಇದರ ಬೀಜ ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದ ಅವನಿ ಸೇಠಿ ಪದವಿಯ ಪ್ರಾಜೆಕ್ಟಾಗಿ ಇದನ್ನು ಯೋಚಿಸಿದ್ದರು. ಪ್ರಾಜೆಕ್ಟುಗಳು ಸಾಮಾನ್ಯವಾಗಿ ಬೈಂಡಾಗಿ ಕಪಾಟು ಸೇರುತ್ತವೆ. ಇದು ಮನೆ ಹುಡುಕಿಕೊಂಡಿತು.

ಮನೆಯೊಳಗೆ, 1960ರಲ್ಲಿ ಗುಜರಾತ್ ರಾಜ್ಯವಾದಾಗಿನಿಂದ ನಡೆದ ಹಿಂಸೆಯ ಕಥೆ ಹೇಳುವ ಭಾಗವನ್ನು ದಾಟಿ ಬಂದರೆ ಕತ್ತಲ ಓಣಿ. ಗಾಂಧಿ, ಅಂಬೇಡ್ಕರ್, ಜಿನ್ನಾ ಬರೀ ನೆರಳಿನ ಆಕಾರವಾಗಿ ನಿಂತಿದ್ದಾರೆ. ಮುಖವಿಲ್ಲ, ದನಿಯಿದೆ. ಯಾರ ಮುಂದೆ ಹೆಚ್ಚು ಹೊತ್ತು ನಿಂತಿರಿ, ಯಾರನ್ನು ಬೇಗ ದಾಟಿದಿರಿ ಎಂಬುದು ನಿಮಗೊಬ್ಬರಿಗೇ ಗೊತ್ತು.

ನೆರಳೆಂದರೆ ಮುಂಬೈನ ಕಲಾವಿದೆ ಶಿಲ್ಪಾ ಗುಪ್ತಾ ನೆನಪಾಗುತ್ತಾರೆ. 2006–07ರ ಅವರ ವಿಡಿಯೊ ಕೃತಿಗಳಲ್ಲಿ ಕ್ಯಾಮೆರಾ ನಿಮ್ಮನ್ನು ಹಿಡಿದು ನೆರಳನ್ನು ಪರದೆಗೆ ಎಸೆಯುತ್ತದೆ. ಒಂದರಲ್ಲಿ ಮೇಲಿನಿಂದ ಏನೇನೋ ಸಾಮಾನು ದಾರದ ಮೇಲೆ ಜಾರಿಬಂದು ನೆರಳಿಗೆ ಅಂಟಿಕೊಳ್ಳುತ್ತದೆ. ಕೊಡವಿದರೂ ಬಿಡುವುದಿಲ್ಲ. ಆದರೆ ನೀವು ಹೊರನಡೆದರೆ ನೆರಳೂ ಹೊರಟಿತು, ಪರದೆ ಮುಂದಿನವರಿಗೆ ಖಾಲಿ. ಕಾನ್‌ಫ್ಲಿಕ್ಟೋರಿಯಮ್ಮಿನಲ್ಲಿ ಹಾಗಲ್ಲ, ಬಂದುಹೋದವರ ಗುರುತು ಉಳಿಯುತ್ತದೆ.

‘ಮೆಮೊರಿ ಲ್ಯಾಬ್’ ಕೋಣೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಅಜ್ಜಿಮನೆಯ ಉಪ್ಪಿನಕಾಯಿ ಭರಣಿಗಳಂತೆ ಕಪಾಟಿನ ತುಂಬ ಗಾಜಿನ ಜಾಡಿಗಳು. ಒಳಗಿರುವುದು ಬಂದವರು ಬಿಟ್ಟುಹೋದ ನೆನಪು. ಕ್ಯಾಮೆರಾ ಬೇಡ, ಸೆನ್ಸರ್ ಬೇಡ, ಕರೆಂಟು ಹೋದರೂ ಈ ಕೋಣೆ ಕೆಲಸ ಮಾಡುತ್ತದೆ. ಕೈಬೀಸಿದರೆ ಬಣ್ಣ ಬದಲಿಸುವ ಗೋಡೆಗಳನ್ನು ಈಗ ಮಾಲುಗಳಲ್ಲೂ ಕಾಣಬಹುದು. ಅಲ್ಲಿ ಯಂತ್ರ ಮೊದಲೇ ಬರೆದಿಟ್ಟ ಉತ್ತರವನ್ನೇ ಕೊಡುತ್ತದೆ. ಈ ಜಾಡಿಗಳಲ್ಲಿ ನಾಳೆ ಏನಿರುತ್ತದೆಂದು ಮ್ಯೂಸಿಯಮ್ಮಿನವರಿಗೂ ತಿಳಿಯದು. ನನ್ನ ಮಟ್ಟಿಗೆ ನೋಡುಗರು ಕಟ್ಟಿದ ಕಲೆಯೆಂದರೆ ಇದೇ.

ನೋಡುಗರು ಕೈಹಾಕುವುದೆಲ್ಲ ಒಳ್ಳೆಯದಕ್ಕೇ ಎಂದಲ್ಲ. ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದ ವಡೋದರಾದಲ್ಲಿ, 1950ರಲ್ಲಿ ಶುರುವಾದ ಹೆಸರಾಂತ ಲಲಿತಕಲಾ ವಿಭಾಗವಿದೆ. 2007ರ ಮೇನಲ್ಲಿ ಅಲ್ಲಿನ ಪರೀಕ್ಷಾ ಪ್ರದರ್ಶನಕ್ಕೆ, ಚಿತ್ರಗಳನ್ನು ಆಕ್ಷೇಪಿಸಿ, ಗುಂಪೊಂದು ನುಗ್ಗಿತು. ಬಂಧನವಾದದ್ದು ಚಿತ್ರ ಬರೆದ ವಿದ್ಯಾರ್ಥಿಯದು. ಅದನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ, ಬಂದವರ ಕೈಗೆ ಪೆನ್ನು ಕೊಡುವ ಮ್ಯೂಸಿಯಂ ಸಣ್ಣ ಧೈರ್ಯದ್ದಲ್ಲ.

ಈ ಮ್ಯೂಸಿಯಮ್ಮಿನ ಮತ್ತೊಂದೆಡೆ ಸಂವಿಧಾನದ ಪ್ರತಿ ತೆರೆದಿದೆ. ‘ಮುಟ್ಟಬೇಡಿ’ ಎಂಬ ಫಲಕವಿಲ್ಲ. ಯಾರೋ ಹುಡುಗ ಪುಟ ಮಗುಚುತ್ತಾ ಚಿತ್ರಗಳನ್ನಷ್ಟೇ ನೋಡುತ್ತಿದ್ದಾನೆ, ನೋಡಲಿ. ಹೊರಗಿನ ಅರಳಿಮರ ‘ಸಾರಿ ಟ್ರೀ’, ಕ್ಷಮೆ ಕೇಳಬೇಕೆಂದಿರುವವರು ಚೀಟಿ ಕಟ್ಟುವ ಮರ. ನಿಮಗೂ ಒಂದು ಚೀಟಿ ಸಿಗುತ್ತದೆ. ಕನ್ನಡದಲ್ಲಿ ಬರೆಯಬಹುದೇ ಎಂದು ಹಿಂದಿಯಲ್ಲಿ ಕೇಳುತ್ತೀರಿ. ಯಾವ ಭಾಷೆಯಾದರೂ ಸರಿ, ಸ್ವಲ್ಪ ಪಕ್ಕಕ್ಕೆ ನಿಂತು ಬರೆಯಿರಿ, ಹಿಂದೆ ಕಾಲೇಜಿನ ಗುಂಪು ಕಾಯುತ್ತಿದೆ ಎನ್ನುತ್ತಾರೆ ಮ್ಯೂಸಿಯಮ್ಮಿನವರು.